ಬಲವಿದೆ, ಗುಣವಿಲ್ಲ

ವಿಜಯಪುರದ ನಮ್ಮ ಮನೆಯಲ್ಲಿ ಟಿವಿ ಎಂದರೆ ಚಂದನ, ಚಂದನ ಎಂದರೆ ಅವ್ವ. ಕಳೆದ ಭಾನುವಾರ ಬೆಳಿಗ್ಗೆ ಆ ಜಾಗದಲ್ಲಿ 'ನೋ ಸಿಗ್ನಲ್' ಬಂದು ಕುಳಿತಿತ್ತು. ರಿಪೇರಿಯವನು ಸಂಜೆ ಬರುತ್ತೇನೆಂದ. ಬಿ.ಎಸ್ಸಿ. ಓದಿದ ಮಗ ಮನೆಯಲ್ಲಿರುವಾಗ ಸಂಜೆಯ ತನಕ ಕಾಯುವುದೇ?

ರಿಮೋಟ್ ಹಿಡಿದು ಮೆನು ತೆರೆದೆ. ಮೊದಲು ಕಣ್ಣಿಗೆ ಬಿದ್ದದ್ದು ಫ್ಯಾಕ್ಟರಿ ರಿಸೆಟ್. ಒತ್ತಿಬಿಟ್ಟೆ. ಇದ್ದ ಸೆಟ್ಟಿಂಗೆಲ್ಲ ಅಳಿಸಿಹೋಯಿತು. ಅಲ್ಲಿಯವರೆಗೆ ಎಲ್ಲ ಬಲ್ಲ ಸೆಟ್‌ಟಾಪ್ ಪೆಟ್ಟಿಗೆ, ಹೆಣ್ಣು ನೋಡಲು ಬಂದ ಬೀಗರಂತೆ ಪ್ರಶ್ನೆ ಸುರುಮಾಡಿತು. ಯಾವ ಉಪಗ್ರಹ? ಎಲ್‌ಎನ್‌ಬಿ ಎಷ್ಟು? ಟ್ರಾನ್ಸ್‌ಪಾಂಡರ್? ಪೊಲಾರಿಟಿ? ಸಿಂಬಲ್ ರೇಟ್?

ಮೊಬೈಲ್‌ನಲ್ಲಿ ಹುಡುಕಿ ಒಂದೊಂದೇ ತುಂಬಿದೆ. ನಮ್ಮದು ದೂರದರ್ಶನದ ಉಚಿತ ಸೇವೆ, ಡಿಡಿ ಫ್ರೀ ಡಿಶ್. ಅದು ಇರುವುದು ಜಿಸ್ಯಾಟ್-15 ಉಪಗ್ರಹದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಎಲ್‌ಎನ್‌ಬಿ ಎಂದರೆ ಡಿಶ್‌ನ ತೋಳಿನ ತುದಿಯಲ್ಲಿ ಕೂತ ಗುಬಟು. ಆಕಾಶದಿಂದ ಬರುವ ಎತ್ತರದ ಫ್ರೀಕ್ವೆನ್ಸಿಯನ್ನು ಕೇಬಲ್ಲು ತಡೆದುಕೊಳ್ಳುವಷ್ಟು ತಗ್ಗಿಸಿ ಕೆಳಗೆ ಕಳಿಸುವುದು ಅದರ ಉದ್ಯೋಗ. ಅದಕ್ಕೆ 9750/10600. ಟ್ರಾನ್ಸ್‌ಪಾಂಡರ್ ಅಂದರೆ ಉಪಗ್ರಹದಲ್ಲಿ ಕೂತು ಚಾನೆಲ್ ಕಳಿಸುವ ಸಾಧನ, ಅದಕ್ಕೆ 11090. ಪೊಲಾರಿಟಿ, ಅಂದರೆ ಅಲೆಯ ನಿಲುವು, ವಿ, ಅಂದರೆ ನಿಂತದ್ದು. ಪೆಟ್ಟಿಗೆ 13 ವೋಲ್ಟ್ ಕಳಿಸಿದರೆ ಗುಬಟು ನಿಂತ ಅಲೆಯನ್ನು ಹಿಡಿಯುತ್ತದೆ, 18 ಕಳಿಸಿದರೆ ಮಲಗಿದ ಅಲೆಯನ್ನು. ಸಿಂಬಲ್ ರೇಟ್ 29500, ಅಂದರೆ ಸೆಕೆಂಡಿಗೆ 2 ಕೋಟಿ 95 ಲಕ್ಷ ಸಂಕೇತಗಳು. ನಮ್ಮ ಮನೆಗೆ ಇಷ್ಟೊಂದು ಬರುತ್ತಿತ್ತೆಂದು ಯಾರಿಗೆ ಗೊತ್ತಿತ್ತು?

ಪರದೆಯ ಕೆಳಗೆ ಎರಡು ಪಟ್ಟಿ ಮೂಡಿದವು. ಸ್ಟ್ರೆಂತ್ 82! ಫಸ್ಟ್ ಕ್ಲಾಸು ಎಂದು ಹೆಂಡತಿಯ ಕಡೆ ನೋಡಿದೆ. ಅವಳು ಎರಡನೆಯ ಪಟ್ಟಿಗೆ ಬೆರಳು ತೋರಿಸಿದಳು. ಕ್ವಾಲಿಟಿ 0. ಗುಬಟಿಗೆ ಜೀವವಿದೆ, ಕೇಬಲ್ ನೆಟ್ಟಗಿದೆ ಎಂಬುದಕ್ಕಷ್ಟೇ 82. ಚಿತ್ರ ಮೂಡಬೇಕಾದರೆ ಬೇಕಾದದ್ದು ಕ್ವಾಲಿಟಿ. ಬಲವಿದೆ, ಗುಣವಿಲ್ಲ. "ಮನೆತನದ ಪೆಟ್ಟಿಗೆ" ಎಂದಳು.

ಹಾಗಾದರೆ ಡಿಶ್ ಸರಿದಿದೆ ಎಂದು ನಿರ್ಧರಿಸಿ ಪಾನಾ ಹಿಡಿದು ಮಾಳಿಗೆ ಹತ್ತಿದೆ. ಡಿಶ್ ಮೇಲಿದ್ದದ್ದನ್ನು ಕಟ್ಟೆಗೆ ಎಸೆದು ನಟ್ಟು ಸಡಿಲಿಸಿದೆ. ಇಲ್ಲಿಂದ ಆ ಉಪಗ್ರಹ ಆಗ್ನೇಯಕ್ಕೆ, ನೆಲದಿಂದ ಸುಮಾರು 62 ಡಿಗ್ರಿ ಎತ್ತರಕ್ಕೆ. ಹೆಂಡತಿ ಟಿವಿ ಮುಂದೆ, ಮಗಳು ಮೆಟ್ಟಿಲ ಮೇಲೆ, ನಾನು ಬಿಸಿಲಲ್ಲಿ. ಗೋಳಗುಮ್ಮಟದಲ್ಲಿ ಒಂದು ಮಾತು ಏಳು ಸಲ ಮರಳುತ್ತದೆ. ನಮ್ಮ ಮೆಟ್ಟಿಲಲ್ಲಿ ಒಮ್ಮೆಯೂ ನೆಟ್ಟಗೆ ಬರಲಿಲ್ಲ. "ಬಂತು!" ಎಂದು ಕೇಳಿಸಿ ನಟ್ಟು ಬಿಗಿದರೆ, ಮಗಳು ಕೂಗಿದ್ದು "ಬಂದರು" ಎಂದು. ಪಕ್ಕದ ಮನೆಯ ಕಾಕಾ ಬಂದಿದ್ದರು. ಒಲೆಯ ದಿಕ್ಕಿಗೆ ಡಿಶ್ ಇಟ್ಟರೆ ಮನೆಯಲ್ಲಿ ಜಗಳವಾಗುತ್ತದೆ ಎಂದರು. ಅಷ್ಟರಲ್ಲಿ ಆಗಿಯೇ ಇತ್ತು.

ಸಂಜೆ ರಿಪೇರಿಯವನು ಬಂದು, ಕೈಯಲ್ಲೊಂದು ಪುಟ್ಟ ಮೀಟರ್ ಹಿಡಿದು ಹತ್ತೇ ನಿಮಿಷದಲ್ಲಿ ಕ್ವಾಲಿಟಿ 74ಕ್ಕೆ ತಂದು ನಿಲ್ಲಿಸಿದ. "ಡಿಶ್ ಪೂರ್ತಿ ತಿರುಗಿತ್ತಲ್ಲ ಸರ್, ಯಾರು ಮುಟ್ಟಿದ್ದರು?" ಎಂದ. ಮಂಗಗಳ ಕಾಟ ಎಂದೆ.

"ಮಂಗವೂ ಇಲ್ಲ, ಮಣ್ಣೂ ಇಲ್ಲ" ಎಂದಳು ಅವ್ವ, ಚಹಾ ಕೊಡುತ್ತ. "ಬೆಳಿಗ್ಗೆ ಕೌದಿ ಒಗೆದಿದ್ದೆನಪ್ಪ. ಹಗ್ಗ ಭಾರ ತಡೆಯಲಿಲ್ಲ, ಆ ಬುಟ್ಟಿಯ ಮೇಲೆ ಹರವಿದ್ದೆ. ಇವನು ಅದನ್ನು ತೆಗೆದು ಕಟ್ಟೆಯ ಧೂಳಿಗೆ ಎಸೆದಿದ್ದಾನೆ ನೋಡು."

ಏಳು ಪದರದ ಹಸಿ ಕೌದಿ! ಹಿಡಿ ಮಳೆ ಬಿದ್ದರೇ ನಡುಗುವ ಸಿಗ್ನಲ್ಲು ಅದನ್ನು ದಾಟೀತೇ? ಅದನ್ನು ಎತ್ತಿ ಎಸೆದ ಗಳಿಗೆಯಲ್ಲೇ ರಿಪೇರಿ ಮುಗಿದಿತ್ತು. ಆಮೇಲೆ ಸಡಿಲಿಸಿದ ನಟ್ಟಿಗೆ ನಾನು 300 ರೂಪಾಯಿ ತೆತ್ತೆ.

ಈಗ ಅವ್ವ ಕೌದಿಯನ್ನು ನನ್ನ ಬೈಕಿನ ಮೇಲೆ ಹರವುತ್ತಾಳೆ.