ತೊಗರಿ ರಾಶಿ ಟೈಮಿಗೇ ರೇಟ್ ಬೀಳ್ತದಲ್ರಿ

ನಿಮ್ಮ ಲೇಖನದಾಗ, ಸರ್ಕಾರಿ ಮಾರುಕಟ್ಟಿ ಹೊರಗೂ ಮಾಲು ಮಾರಾಕ ಬಿಡೋ 2020ರ ಮೂರು ಕೃಷಿ ಕಾಯ್ದೆ ವಾಪಸ್ ಆಗಿದ್ದಕ್ಕ ಆರ್ಥಿಕ ಸುಧಾರಣೆ ನಿಂತು ಹೋಯ್ತು, ರೈತರು ಹಟ ಮಾಡಿದ್ರು ಅಂತ ಬರ್ದೀರಿ. ದಿಲ್ಲಿ ಗಡಿಯಾಗ ಚಳಿ ಮಳಿ ಅನ್ನದೆ ವರ್ಷಕ್ಕೂ ಮ್ಯಾಲ ಕುಂತವ್ರು ಸುಮ್ನ ಕುಂತಿದ್ದಿಲ್ರಿ. ನಮ್ಮ ಕಲಬುರಗಿ ತೊಗರಿದೇ ನೋಡ್ರಿ, ಈ ಊರಿಂದೇ ಖಾಸ್ ಮಾಲು ಅನ್ನೋ ಜಿಐ ಟ್ಯಾಗ್ ಅದ, 2025-26ಕ್ಕ ಬೆಂಬಲ ಬೆಲಿ ಕ್ವಿಂಟಲ್‌ಗೆ 8,000 ರೂಪಾಯಿ ಅಂತ ಕೇಂದ್ರ ಸರ್ಕಾರ ಹೇಳಿತ್ತು, ಆದ್ರ ನಾ ರಾಶಿ ಮಾಡಿ ಗಂಜ್‌ಗೆ (ಎಪಿಎಂಸಿ ಮಾರುಕಟ್ಟಿಗೆ) ಒಯ್ದ ದಿನ ಅಡತಿ ದಲ್ಲಾಳಿಗಳು ಚೀಲದಾಗ ಕೈ ಹಾಕಿ ನಾಕು ಕಾಳು ಹಲ್ಲಾಗ ಕಡ್ದು ನೋಡಿ ಹಸಿ ಅದ ಅಂತಂದು 6,600ಕ್ಕ ಕೇಳಿದ್ರು, ಬೆಂಬಲ ಬೆಲಿಗೆ ಕೊಳ್ಳೋ ಸರ್ಕಾರದ ಖರೀದಿ ಕೇಂದ್ರ ಇನ್ನೂ ತೆರೆದಿದ್ದಿಲ್ಲ, ಬೀಜ ಗೊಬ್ಬರ ಉದ್ರಿ ಕೊಟ್ಟವ್ರು ಮನಿ ಮುಂದ ನಿಂತಿದ್ರು, ಕೊಟ್ಟು ಬಂದೆ ಮತ್ತೇನ್ ಮಾಡ್ಲಿ. ಅತ್ಲಾಗ ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಸುಂಕ ಇಲ್ದ ತೊಗರಿ ಬರ್ತಿತ್ತು. ಪ್ಯಾಟಿ ಮಂದಿಗಿ ಬ್ಯಾಳಿ ಅಗ್ಗ ಸಿಗಬೇಕು ಖರೆ, ನಾ ಇಲ್ಲ ಅನ್ನಲ್ಲ, ಅದರ ಭಾರ ಪೂರಾ ನಮ್ಮ ಮ್ಯಾಲೇ ಯಾಕ? ಓಪನ್ ಮಾರ್ಕೆಟ್ ಬ್ಯಾಡ ಅಂತಿಲ್ರಿ, ಬೆಂಬಲ ಬೆಲಿಗಿಂತ ಕಮ್ಮಿ ಯಾರೂ ಕೇಳಬಾರ್ದು ಅಂತ ಮೊದಲು ಕಾನೂನು ಮಾಡ್ರಿ, ಖರೀದಿ ಕೇಂದ್ರ ನಮ್ಮ ರಾಶಿ ಮುಗಿಯೋದ್ರಾಗ ತೆರೀರಿ, ಸಾಲ ಕೊಟ್ಟವ್ರಿಗಿ ಹೆದರಿ ಮಾರಿದ ಮ್ಯಾಲ ತೆರೆದ್ರ ಯಾರಿಗಿ ಉಪಯೋಗ.