ಕರ್ತೃ ಕಾಣೆಯಾಗಿದ್ದಾನೆ

ಪಕ್ಕದ ಮನೆಯ ಹುಡುಗಿ ಒಂಬತ್ತನೇ ಕ್ಲಾಸು. ಮೊನ್ನೆ ಉತ್ತರಪತ್ರಿಕೆ ಹಿಡಿದುಕೊಂಡು ಬಂದಳು. ಪ್ರಶ್ನೆ ನಿಮಗೂ ಗೊತ್ತಿರುವುದೇ: 'ಹವಾಮಾನ ಬದಲಾವಣೆಯನ್ನು ತಡೆಯಲು ನೀವು ಕೈಗೊಳ್ಳಬಹುದಾದ ಐದು ಕ್ರಮಗಳನ್ನು ಬರೆಯಿರಿ.' ಐದು ಮಾರ್ಕ್ಸು. ಭೂಮಿ ಉಳಿಸಲು ಕ್ರಮಕ್ಕೊಂದು ಮಾರ್ಕ್ಸು. ಹೂವಿನ ಭಾಗಗಳನ್ನು ಗುರುತಿಸಿದರೂ ಅಷ್ಟೇ ರೇಟು.

"ನಾಲ್ಕು ಬಂತು ಅಂಕಲ್, ಒಂದು ಕಟ್ ಮಾಡಿದ್ದಾರೆ" ಎಂದಳು. ಯಾಕೆ ಕಟ್ಟಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವಳ ಪಾಠ ತರಿಸಿಕೊಂಡು ಓದಿದೆ.

ಪಾಠ ಚೆನ್ನಾಗಿದೆ. ಸುಮ್ನೆ ಹೊಗಳುತ್ತಿಲ್ಲ. 'ಕಲ್ಲಿದ್ದಲನ್ನು ಉರಿಸಲಾಗುತ್ತಿದೆ. ಕಾಡನ್ನು ಕಡಿಯಲಾಗುತ್ತಿದೆ. ಹೊಗೆಯನ್ನು ಗಾಳಿಗೆ ಬಿಡಲಾಗುತ್ತಿದೆ.' ಮೂರು ಪುಟ ಪೂರ್ತಿ ಹೀಗೇ. ಕರ್ಮಣಿ ಪ್ರಯೋಗಕ್ಕೆ ಉದಾಹರಣೆ ಹುಡುಕುವ ವ್ಯಾಕರಣದ ಮೇಷ್ಟ್ರಿಗೆ ಈ ವಿಜ್ಞಾನದ ಪುಸ್ತಕ ಒಂದೇ ಸಾಕು. ಉರಿಸುವವರು ಯಾರು? ಕಡಿಯುವವರು ಯಾರು? ಹೆಸರಿಲ್ಲ, ವಿಳಾಸವಿಲ್ಲ. ಸಂಜೆ ಕತ್ತಲಾದ ಹಾಗೆ ಎಲ್ಲ ತನ್ನಷ್ಟಕ್ಕೆ ಆಗುತ್ತಿದೆ.

ನಾಲ್ಕನೇ ಪುಟಕ್ಕೆ ಬನ್ನಿ. 'ಪರಿಹಾರಗಳು.' ಅಲ್ಲಿ ಕರ್ತೃ ಥಟ್ಟನೆ ಪ್ರತ್ಯಕ್ಷ. ನೀವು! ನೀವು ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ. ನೀವು ಕೋಣೆಯಿಂದ ಹೊರಬರುವಾಗ ಲೈಟ್ ಆರಿಸಿ. ಗಿಡ ನೆಡಿ. ಸೈಕಲ್ ತುಳಿಯಿರಿ. ತಪ್ಪು ಮಾಡುವಾಗ ಅಲ್ಲಿ ಯಾರೂ ಇರಲಿಲ್ಲ. ತಿದ್ದುವ ಹೊತ್ತಿಗೆ ಹದಿನಾಲ್ಕು ವರ್ಷದ ಹುಡುಗಿ ಒಬ್ಬಳೇ ನಿಂತಿದ್ದಾಳೆ, ಬಾಯಲ್ಲಿ ಬ್ರಷ್ಷು.

ನಲ್ಲಿ ನಿಲ್ಲಿಸಬೇಡಿ ಎನ್ನುತ್ತಿಲ್ಲ. ನಿಲ್ಲಿಸಿ, ನೀರು ಉಳಿಯುತ್ತದೆ. ಆದರೆ ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿರುವುದು ಯಾರೋ ಹಲ್ಲುಜ್ಜಿದ್ದರಿಂದ ಅಲ್ಲ.

ಈ 'ನೀವು' ಬಂದ ದಾರಿಯೂ ಸ್ವಾರಸ್ಯವಾಗಿದೆ. ಮಕ್ಕಳಿಗೆ ಪ್ರಾಜೆಕ್ಟ್ ಕೊಡುತ್ತಾರಲ್ಲ, 'ನಿಮ್ಮ ಕಾರ್ಬನ್ ಹೆಜ್ಜೆಗುರುತು ಲೆಕ್ಕ ಹಾಕಿ' ಅಂತ, ಅಂದರೆ ನಿಮ್ಮ ಬದುಕಿನಿಂದ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ ಅಂತ? ಅಂಥದ್ದೊಂದು ಲೆಕ್ಕದ ಪಟ್ಟಿಯನ್ನು 2004ರಲ್ಲಿ ಜನರ ಮುಂದಿಟ್ಟು, ಜಾಹೀರಾತು ಸುರಿದು ಆ ಪದವನ್ನು ಎಲ್ಲರ ಬಾಯಿಗೆ ಹಾಕಿದ್ದು ಬಿಪಿ. ರಕ್ತದೊತ್ತಡ ಅಲ್ಲ, ತೈಲ ಕಂಪನಿ. (ಪರಿಣಾಮ ನೋಡಿದರೆ ಎರಡಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.) ಬಾವಿ ತೋಡಿ ಎಣ್ಣೆ ಮಾರುವವರು ನಮ್ಮನ್ನು ಕೇಳಿದರು: ನಿಮ್ಮ ಚಪ್ಪಲಿ ಸೈಜ್ ಎಷ್ಟು? ಎಂಥ ಬುದ್ಧಿ! ಕೈ ಮುಗಿಯಬೇಕು. ನಾನೂ ಒಮ್ಮೆ ಅಂಥ ಪಟ್ಟಿ ತುಂಬಿದ್ದೆ. ಫ್ಯಾನು ಎಷ್ಟು ಗಂಟೆ, ಬಸ್ಸು ಎಷ್ಟು ದಿನ ಎಂದೆಲ್ಲ ವಿಚಾರಿಸಿತು. ಕೊನೆಗೆ, ಎಲ್ಲರೂ ನನ್ನ ಥರ ಬದುಕಿದರೆ ಒಂದೂವರೆ ಭೂಮಿ ಬೇಕು ಅಂದಿತು. ಎರಡು ರಾತ್ರಿ ಫ್ಯಾನ್ ಹಾಕದೆ, ಕೊಲೆಗಾರನ ಹಾಗೆ ಬೆವರುತ್ತಾ ಮಲಗಿದೆ.

ದೊಡ್ಡವರಿಗೂ ವ್ಯಾಕರಣದ ಕ್ಲಾಸು ನಡೆಯುತ್ತದೆ. ವರ್ಷಕ್ಕೊಮ್ಮೆ, ಎರಡು ವಾರ, ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ. 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲನ್ನು 'ಕೈಬಿಡುವುದು' ಎಂದಿದ್ದ ಕರಡು ಕೊನೇ ಗಳಿಗೆಯಲ್ಲಿ 'ಕಡಿಮೆ ಮಾಡುವುದು' ಆಯಿತು. ಒಂದು ಕ್ರಿಯಾಪದಕ್ಕೆ ಅಧ್ಯಕ್ಷರ ಗಂಟಲು ಕಟ್ಟಿತು, ಪಾಪ. 2023ರಲ್ಲಿ ದುಬೈ. ಅಲ್ಲಿನ ಅಧ್ಯಕ್ಷರು ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರೇ. ಪಳೆಯುಳಿಕೆ ಇಂಧನಗಳಿಂದ 'ದೂರ ಸರಿಯುವ' ಮಾತು ನಿರ್ಣಯಕ್ಕೆ ಬಂದದ್ದು ಅಲ್ಲೇ, ಮೊದಲ ಸಲ. 28 ಸಮ್ಮೇಳನ ಕೂತು 'ಸರಿ'ವರೆಗೆ ಬಂದಿದ್ದಾರೆ. 'ಬಿಡು' ಇನ್ನೂ ಬಾಯಿಗೆ ಬಂದಿಲ್ಲ.

ತಮಾಷೆ ಸಾಕು. 2024ರ ಮಾರ್ಚ್‌ನಲ್ಲಿ ಬಿಸಿಲು ತಾಳಲಾರದೆ ದಕ್ಷಿಣ ಸುಡಾನ್ ಶಾಲೆಗಳನ್ನು ಮುಚ್ಚಿತು. ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್, ಬಾಂಗ್ಲಾದೇಶ. ಆ ಒಂದು ವರ್ಷದಲ್ಲಿ ಬಿಸಿಲು, ಬಿರುಗಾಳಿ, ನೆರೆಗಳಿಂದ ಕನಿಷ್ಠ 24.2 ಕೋಟಿ ಮಕ್ಕಳ ಓದಿಗೆ ಅಡ್ಡಿಯಾಯಿತು ಎಂದು ಯುನಿಸೆಫ್ ಲೆಕ್ಕ ಕೊಟ್ಟಿದೆ. ಹವಾಮಾನದ ಪಾಠ ಮಾಡಲು ಹವಾಮಾನವೇ ಬಿಡುತ್ತಿಲ್ಲ. 2022ರ ನೆರೆಯಲ್ಲಿ ಪಾಕಿಸ್ತಾನದಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು. ಜಗತ್ತಿನ ಹೊಗೆಯಲ್ಲಿ ಆ ದೇಶದ ಪಾಲು ನೂರಕ್ಕೆ ಒಂದೂ ಇಲ್ಲ. ಅಲ್ಲಿ ಉಳಿದ ಮಕ್ಕಳಿಗೆ ಯಾವ ಮುಖ ಇಟ್ಟುಕೊಂಡು ನಲ್ಲಿ ನಿಲ್ಲಿಸು ಅನ್ನುತ್ತೀರಿ? ನಲ್ಲಿಯೇ ಕೊಚ್ಚಿಹೋಗಿದೆ.

'ಮುಂದಿನ ಪೀಳಿಗೆಯೇ ನಮ್ಮ ಭರವಸೆ' ಎಂಬ ಭಾಷಣ ಕೇಳಿದರೆ ನನಗೆ ಮೈ ಉರಿಯುತ್ತದೆ. 1992ರಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ನಡೆದ ವಿಶ್ವಸಂಸ್ಥೆಯ ಭೂಮಿ ಶೃಂಗಸಭೆಯಲ್ಲಿ ಸೆವರ್ನ್ ಕಲ್ಲಿಸ್-ಸುಝುಕಿ ಎಂಬ 12 ವರ್ಷದ ಹುಡುಗಿ ದೊಡ್ಡವರ ಮುಂದೆ ನಿಂತು, ಸರಿಮಾಡಲು ಬಾರದಿದ್ದರೆ ಮುರಿಯುವುದನ್ನಾದರೂ ನಿಲ್ಲಿಸಿ ಎಂದಿದ್ದಳು. ಚಪ್ಪಾಳೆ ಬಿತ್ತು. ಆ ಮುಂದಿನ ಪೀಳಿಗೆಗೆ ಈಗ ನಲವತ್ತು ದಾಟಿದೆ.

ಹಾಂ, ಆ ಒಂದು ಮಾರ್ಕ್ಸು. ಹುಡುಗಿ ಐದನೇ ಕ್ರಮ ಬರೆದಿದ್ದಳು: 'ಕೋರ್ಟಿಗೆ ಹೋಗುವುದು.' ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ 'ಪಾಠದಲ್ಲಿ ಇಲ್ಲ'.

ಪಾಠದಲ್ಲಿ ಇಲ್ಲ, ನಿಜ. ಅಮೆರಿಕದ ಮೊಂಟಾನಾದಲ್ಲಿ 16 ಮಂದಿ ಹುಡುಗ ಹುಡುಗಿಯರು ತಮ್ಮ ರಾಜ್ಯದ ಮೇಲೇ ಕೇಸು ಹಾಕಿ 2023ರಲ್ಲಿ ಗೆದ್ದರು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಹವಾಮಾನದ ವಿಷಯ ವಿಶ್ವದ ಕೋರ್ಟಿಗೆ ಹೋಗಲಿ ಎಂದು 2019ರಲ್ಲಿ ಶುರುಮಾಡಿದ ಒತ್ತಾಯವನ್ನು ಅಲ್ಲಿನ ವನುವಾಟು ದೇಶದ ಸರ್ಕಾರ ಕೈಗೆತ್ತಿಕೊಂಡಿತು. 2025ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಹೊಣೆ ಎಂದು ಅಭಿಪ್ರಾಯ ಕೊಟ್ಟಿತು. ಬರೀ ಅಭಿಪ್ರಾಯ, ಆದೇಶ ಅಲ್ಲ. ಆದರೂ ವಾಕ್ಯಕ್ಕೊಂದು ಕರ್ತೃ ಸಿಕ್ಕಿತು.

ಹುಡುಗಿ ಮರುಮೌಲ್ಯಮಾಪನಕ್ಕೆ ಅರ್ಜಿ ಕೊಡುತ್ತಾಳಂತೆ. ಬರೆದದ್ದನ್ನು ತೋರಿಸಿದಳು. 'ನನ್ನ ಒಂದು ಅಂಕವನ್ನು ಕಡಿತಗೊಳಿಸಲಾಗಿದೆ' ಎಂದು ಶುರುವಾಗಿತ್ತು.

ಕರ್ತರಿ ಪ್ರಯೋಗಕ್ಕೆ ಬದಲಾಯಿಸು ಅಂದೆ.