ವಾಪಸ್ ಬಂದ ವಿಮಾನ ನೋಡಿ ನಗಬ್ಯಾಡ್ರಿ

ಮೊನ್ನೆ ನಮ್ಮ ಏರಿಯಾದ ವಾಟ್ಸಾಪ್ ಗ್ರೂಪಿನ್ಯಾಗ ಒಂದು ವಿಡಿಯೋ ಬಂದಿತ್ತು. ವಿಮಾನ ಮ್ಯಾಲೇರಿ ಸ್ವಲ್ಪ ಹೊತ್ತಿಗೆ ಏನೋ ತೊಂದ್ರಿ ಅಂತ ತಿರುಗಿ ಬಂದು ಇಳದೈತಿ, ರನ್‌ವೇ ಬಾಜೂಕ ಫೈರ್ ಗಾಡಿ ಸಾಲಾಗಿ ನಿಂತಾವ, ಇಷ್ಟ. ಕೆಳಗ ಮಂದಿ ಹಾಕಿದ್ದ ಮೆಸೇಜ್ ಓದಿ ಖರೇನ ಸಿಟ್ಟು ಬಂತು. ‘ಪೈಲಟ್ ಅಂಜಿದಾ’, ‘ಡಬ್ಬಾ ಗಾಡಿ’, ‘ಇದಕ್ಕಿಂತ ನಮ್ಮ ಟಂಟಂ ಚಲೋ’, ಮ್ಯಾಲೆ ನಗೋ ಇಮೋಜಿ ಬ್ಯಾರೆ. ಒಬ್ಬರಿಗೂ ಏನೂ ಆಗದ ಎಲ್ಲಾರೂ ನಡಕೋತ ಮನಿಗೆ ಹೋಗ್ಯಾರ, ಅದಕ್ಕ ನಗತಾರೇನ್ರಿ? ಗ್ರೂಪಿನ್ಯಾಗ ಬರದ್ರ ಗುಡ್ ಮಾರ್ನಿಂಗ್ ಫೋಟೋ ಕೆಳಗ ಹೋಗಿ ಬಿಡತೈತಿ, ಅದಕ್ಕ ಇಲ್ಲಿ ಉದ್ದಕ ಬರೀತೇನಿ, ಟೈಮ್ ಇದ್ದಾಗ ಓದ್ರಿ.

ನಾನು ಪೈಲಟ್ ಅಲ್ಲ. ಬೆಳಗಾವಿಯೊಳಗ ಪಾಲಿಟೆಕ್ನಿಕ್ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಸತೇನಿ. ಸಾಂಬ್ರಾ ಕಡೆ ಬೆಳದವರಿಗೆ ವಿಮಾನದ ಸಪ್ಪಳ ಹೊಸಾದಲ್ಲ, ಬ್ರಿಟಿಷರ ಕಾಲದಾಗ 1942ರಾಗ ಆದ ಏರ್‌ಪೋರ್ಟ್ ಅದು, ಏರ್‌ಫೋರ್ಸಿನವರ ಟ್ರೇನಿಂಗ್ ಸ್ಕೂಲೂ ಅಲ್ಲೇ ಐತಿ, ರನ್‌ವೇ 2300 ಮೀಟರ್ ಮಾಡಿದ ಮ್ಯಾಲೆ ದೊಡ್ಡ ವಿಮಾನಾನೂ ಇಳೀತಾವ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಮುಂದ ಇಂಜಿನಿಯರಿಂಗ್ ಮಾಡಿ, ಪರೀಕ್ಷಾ ಪಾಸಾಗಿ, ಪ್ರಯಾಗರಾಜದಾಗ ಟ್ರೇನಿಂಗ್ ಮುಗಿಸಿ ಈಗ ದೂರದ ಒಂದು ಏರ್‌ಪೋರ್ಟಿನ್ಯಾಗ ಎಟಿಸಿ ಆಗ್ಯಾನ, ಅಂದ್ರ ಕೆಳಗ ಕುಂತು ರೇಡಿಯೋದಾಗ ವಿಮಾನಗಳಿಗೆ ಹಾದಿ ಹೇಳೋ ಕಂಟ್ರೋಲರ್. ಹಬ್ಬಕ್ಕ ಊರಿಗೆ ಬಂದಾಗ ಮನಿಗೆ ಬರತಾನ, ನಾ ಕೇಳತೇನಿ, ಆಂವ ಹೇಳತಾನ. ಅಪಘಾತದ ತನಿಖಾ ವರದಿ ಹುಡುಕಿ ಹುಡುಕಿ ಓದೋ ಚಟ ನನಗ ಮೊದಲಿಂದ ಐತಿ.

ಮೊದಲು ಕಾಕ್‌ಪಿಟ್ ಒಳಗ ಏನ್ ನಡೀತೈತಿ ಅಂತ ಹೇಳತೇನಿ. ತೊಂದ್ರಿ ಬಂತು ಅಂದ್ರ ಪೈಲಟ್ ಮೈಕ್ ಹಿಡಕೊಂಡು ಕೂಗತಾನ ಅಂತ ನಾವು ತಿಳಕೊಂಡೇವಿ. ಅವರಿಗೆ ಕಲಿಸಿದ್ದು ಉಲ್ಟಾ. ಮೊದಲ ವಿಮಾನ ಹಾರಸು, ಆಮ್ಯಾಲೆ ಎತ್ತ ಹೋಗಬೇಕು ನೋಡು, ಮಾತಾಡೋದು ಕಡೀಗೆ. ಒಬ್ಬರು ಬರೇ ಹಾರಸತಾರ, ಇನ್ನೊಬ್ಬರು ಚೆಕ್‌ಲಿಸ್ಟ್ ತಗದು ಒಂದೊಂದ ಸಾಲು ಓದಿಕೋತ ಮಾಡತಾರ. ಈ ಹಂಚಿಕಿ ತಪ್ಪಿದ್ರ ಏನಾಗತೈತಿ ಅನ್ನಾಕ 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕಾದ ಮಯಾಮಿ ಹತ್ರ ಬಿದ್ದ ಈಸ್ಟರ್ನ್ 401 ವಿಮಾನ ನೋಡ್ರಿ. ಮುಂದಿನ ಗಾಲಿ ಇಳದೈತಿ ಅಂತ ತೋರಸೋ ಒಂದು ಸಣ್ಣ ಬಲ್ಬ್ ಸುಟ್ಟಿತ್ತು, ಗಾಲಿ ಸರಿಯಾಗೇ ಇಳದಿತ್ತು, ಕಾಕ್‌ಪಿಟ್‌ನ್ಯಾಗ ಇದ್ದವರೆಲ್ಲಾ ಆ ಬಲ್ಬಿನ ಹಿಂದ ಬಿದ್ರು, ಆಟೋಪೈಲಟ್ ಎತ್ತರ ಹಿಡಕೊಳ್ಳೋದು ಬಿಟ್ಟು ವಿಮಾನ ಮೆಲ್ಲಕ ಕೆಳಗ ಇಳಿಯಾಕತ್ತಿದ್ದು ಯಾರ ಗಮನಕ್ಕೂ ಬರಲಿಲ್ಲ. ರಾಡಾರ್ ಮುಂದ ಕುಂತಿದ್ದ ಕಂಟ್ರೋಲರ್‌ಗೆ 900 ಅಡಿ ಅಂತ ಕಂಡಿತ್ತು, ಆಂವ ‘ಅಲ್ಲಿ ಎಲ್ಲಾ ಹೆಂಗ ನಡದೈತಿ’ ಅಂತಷ್ಟ ಕೇಳಿದ, ಎತ್ತರದ ಮಾತು ತಗೀಲಿಲ್ಲ. 101 ಮಂದಿ ಹೋದ್ರು, ಒಂದು ಬಲ್ಬಿನ ಸಲುವಾಗಿ.

ಗಡಬಡಿ ಮಾಡಿದ್ರೂ ಅಷ್ಟ. 1989ರ ಜನವರಿ 8ಕ್ಕ ಇಂಗ್ಲೆಂಡಿನ ಕೆಗ್‌ವರ್ತ್ ಹತ್ರ ಬಿದ್ದ ಬೋಯಿಂಗ್ 737ರ ಎಡಗಡೆ ಎಂಜಿನ್ ಕೆಟ್ಟಿತ್ತು, ಪೈಲಟ್‌ಗಳು ಬಂದ್ ಮಾಡಿದ್ದು ಬಲಗಡೀದು. 47 ಮಂದಿ ತೀರಿಕೊಂಡ್ರು. ಎಂಜಿನ್ ಬಂದ್ ಮಾಡೋ ಮುಂದ ಒಬ್ಬರು ಲಿವರ್ ಮ್ಯಾಲೆ ಕೈ ಇಟ್ಟು ‘ನಂಬರ್ ಒಂದು’ ಅನ್ನಬೇಕು, ಇನ್ನೊಬ್ಬರು ಕಣ್ಣಿಂದ ನೋಡಿ ‘ಹೌದು, ಒಂದು’ ಅಂದ ಮ್ಯಾಲೆನ ಎಳೀಬೇಕು. ಎಂಜಿನ್ನಿಗೆ ಬೆಂಕಿ ಹತ್ತಿದ್ರೂ ಈ ಎರಡು ಸೆಕೆಂಡ್ ತಡೀತಾರ. ಹಿಂದ ಕುಂತ ನಮಗ ‘ಏನೂ ಅನೌನ್ಸ್ ಮಾಡವಲ್ಲರು’ ಅಂತ ಅನ್ನಿಸೋ ಹೊತ್ತಿನ್ಯಾಗ ಮುಂದ ಇಂಥಾದ್ದ ನಡದಿರತೈತಿ, ಅವರಿಗೆ ಪುರಸೊತ್ತು ಇರಾಂಗಿಲ್ಲ.

ಈಗ ಕೆಳಗ ಕುಂತವರ ಕಡೆ ಬರೋಣು. ಪೈಲಟ್ ‘ಮೇಡೇ’ ಅಂತ ಮೂರು ಸಲ ಅಂದ್ರ ಜೀವಕ್ಕ ಅಪಾಯ ಐತಿ ಅಂತ, ‘ಪ್ಯಾನ್ ಪ್ಯಾನ್’ ಅಂತ ಮೂರು ಸಲ ಅಂದ್ರ ಅರ್ಜೆಂಟ್ ಐತಿ, ಖರೆ ಈಗ ಈ ನಿಮಿಷಕ್ಕ ಅಪಾಯ ಇಲ್ಲ ಅಂತ. ವಿಮಾನದ ಗುರುತು ಕೆಳಗಿನ ರಾಡಾರ್‌ಗೆ ಕಳಸೋ ಟ್ರಾನ್ಸ್‌ಪಾಂಡರ್‌ನ್ಯಾಗ ಎಮರ್ಜೆನ್ಸಿ ನಂಬರ್ 7700 ಹಾಕಿದ್ರ ಕಂಟ್ರೋಲರ್ ಸ್ಕ್ರೀನಿನ್ಯಾಗ ಆ ವಿಮಾನ ಎಲ್ಲಾದಕ್ಕಿಂತ ಬ್ಯಾರೇನ ಕಾಣತೈತಿ. ಅಲ್ಲಿಂದ ಮುಂದ ಕಂಟ್ರೋಲರ್ ಕೆಲಸ ಏನಂದ್ರ ಹಾದಿ ಖಾಲಿ ಮಾಡೋದು, ಉಳಿದ ವಿಮಾನ ದೂರ ಸರಸೋದು, ಗಾಳಿ ಎತ್ತ ಬೀಸಾಕತ್ತೈತಿ, ಯಾವ ರನ್‌ವೇ ಹತ್ರ ಐತಿ ಅಂತ ಹೇಳೋದು, ಫೈರ್ ಸ್ಟೇಷನ್‌ಗೆ ಗಂಟಿ ಹೊಡಿಯೋದು. ಫೈರ್ ಗಾಡಿ ರನ್‌ವೇಯ ಯಾವ ತುದಿಗೆ ಆದ್ರೂ ಮೂರು ನಿಮಿಷದೊಳಗ ಮುಟ್ಟಬೇಕು ಅಂತ ಅಂತರರಾಷ್ಟ್ರೀಯ ನಿಯಮನ ಐತಿ. ಆ ವಿಡಿಯೋದಾಗ ಗಾಡಿ ಸಾಲಾಗಿ ನಿಂತದ್ದು ಯಾಕ ಅಂದ್ರ ಯಾರೋ ಟೈಮಿಗೆ ಹೇಳ್ಯಾರ, ಯಾರೋ ಟೈಮಿಗೆ ಕೇಳ್ಯಾರ ಅಂತ.

ಒಂದು ವಿಷಯ ನನಗ ಭಾಳ ದಿವಸ ತಿಳೀತಿರಲಿಲ್ಲ. ಇಷ್ಟು ಕಷ್ಟದಾಗ ಇದ್ದ ಪೈಲಟ್‌ಗೆ ‘ಒಳಗ ಎಷ್ಟು ಜನ ಅದಾರ, ಎಣ್ಣಿ ಎಷ್ಟು ಉಳದೈತಿ’ ಅಂತ ಯಾಕ ಕೇಳತಾರ ಅಂತ. ನನ್ನ ಆ ಎಟಿಸಿ ಹುಡುಗ ಹೇಳಿದ, ‘ಸರ್, ನಾಳೆ ಏನರ ಆದ್ರ ಫೈರ್‌ನವರು ಎಷ್ಟು ಮಂದೀನ್ನ ಹೊರಗ ತಗದಾಗ ಹುಡುಕೋದು ನಿಲ್ಲಸಬೇಕು ಅಂತ ಗೊತ್ತಾಗಬೇಕಲ್ರಿ, ಎಣ್ಣಿ ಎಷ್ಟಿತ್ತು ಅಂದ್ರ ಬೆಂಕಿ ಎಷ್ಟು ದೊಡ್ಡದಾಗಬಹುದು ಅಂತ ಲೆಕ್ಕ.’ ಅವನ ದನಿ ಆವಾಗ ಒಂಚೂರೂ ಏರಲಿಲ್ಲ. ರೇಡಿಯೋದಾಗೂ ಅದ ದನಿ ಇಟ್ಟುಕೊಳ್ಳಾಕ ಕಲಸತಾರಂತ, ಕೆಳಗಿನ ದನಿ ನಡುಗಿದ್ರ ಮ್ಯಾಲಿನವರಿಗೂ ನಡುಕ ಬರತೈತಿ. ಇನ್ನೊಂದು ಮಾತು ಅಂದ, ‘ಹೇಳಿದ್ರ ನಾವು ಏನರ ಮಾಡಾಕ ಬರತೈತ್ರಿ ಸರ್. ಹೇಳದ ಇದ್ರ ನಮಗ ಅದೂ ಎಲ್ಲಾದರಂಗ ಒಂದು ಚುಕ್ಕಿ.’

ಹಡ್ಸನ್ ನದಿ ಕತಿ ಎಲ್ಲಾರಿಗೂ ಗೊತ್ತು, ಖರೆ ಎಲ್ಲಾರೂ ಪೈಲಟ್ ಸಲೆನ್‌ಬರ್ಗರ್ ಹೆಸರಷ್ಟ ಹೇಳತಾರ. 2009ರ ಜನವರಿ 15, ನ್ಯೂಯಾರ್ಕಿನ ಲಗಾರ್ಡಿಯಾದಿಂದ ಏರಿದ ಎ320 ವಿಮಾನಕ್ಕ ಸುಮಾರು 2800 ಅಡಿ ಮ್ಯಾಲೆ ಹೆಬ್ಬಾತು ಹಕ್ಕಿ ಹಿಂಡು ಬಡದು ಎರಡೂ ಎಂಜಿನ್ ಹೋದ್ವು, ನೀರಿಗೆ ಇಳಿಯೋದ್ರೊಳಗ ಸಿಕ್ಕಿದ್ದು ಮೂರೂವರಿ ನಿಮಿಷ. ಬಾಜೂಕ ಕುಂತ ಜೆಫ್ರಿ ಸ್ಕೈಲ್ಸ್ ಎಂಜಿನ್ ಚಾಲೂ ಮಾಡೋ ಚೆಕ್‌ಲಿಸ್ಟ್ ಓದಾಕತ್ತಿದ್ರು, ಮೂರು ಪೇಜಿಂದು ಅದು, ಭಾಳ ಎತ್ತರದಾಗ ಇದ್ದಾಗಿನ ಲೆಕ್ಕಕ್ಕ ಬರದದ್ದು, ಮೊದಲನೇ ಪೇಜೂ ಮುಗೀಲಿಲ್ಲ. ಕೆಳಗ ಇದ್ದ ಕಂಟ್ರೋಲರ್ ಪ್ಯಾಟ್ರಿಕ್ ಹಾರ್ಟನ್. ಲಗಾರ್ಡಿಯಾದ ಒಂದು ರನ್‌ವೇ ಬೇಕೇನು ಅಂದ, ಆಗೂದಿಲ್ಲ ಅಂದ್ರು. ಇನ್ನೊಂದು ರನ್‌ವೇ ಕೊಟ್ಟ, ಆಗೂದಿಲ್ಲ. ಟೆಟರ್‌ಬರೋ ಏರ್‌ಪೋರ್ಟಿನವರಿಗೆ ಫೋನ್ ಹಚ್ಚಿ ಅಲ್ಲಿ ಹಾದಿ ತಗಿಸಿದ, ಅದೂ ಆಗೂದಿಲ್ಲ, ಹಡ್ಸನ್‌ದಾಗ ಇಳೀತೇವಿ ಅಂದ್ರು. ಒಂದು ಸಲಾನೂ ಆಂವ ‘ಯಾಕ’ ಅಂತ ಕೇಳಲಿಲ್ಲ, ವಾದ ಹಾಕಲಿಲ್ಲ, ಇಲ್ಲ ಅಂದಕೂಡ್ಲೇ ಮುಂದಿನದು ಹುಡುಕಿದ. ನನಗ ಈ ಕತಿಯೊಳಗ ಎಲ್ಲಾಕ್ಕಿಂತ ದೊಡ್ಡದು ಅನಿಸೋದು ಇದ. ಆಮ್ಯಾಲೆ ಫೆಬ್ರುವರಿಯೊಳಗ ಅಮೆರಿಕಾದ ಸಂಸತ್ತಿನ ಮುಂದ ಆಂವ ಹೇಳಿದ್ದು, ಹಡ್ಸನ್ ಅಂದಾಗ ಇವರು ಸತ್ತಂಗ ಅಂತನ ಅನ್ಕೊಂಡಿದ್ದನಂತ, ಆ ವಿಮಾನದವರ ಜೋಡಿ ಕಡೀ ಮಾತಾಡಿದಾಂವ ನಾನ ಅಂತ ಅನ್ಕೊಂಡಿದ್ದನಂತ. 155 ಮಂದಿ, ಎಲ್ಲಾರೂ ಬದುಕಿದ್ರು.

ಇದರ ಉಲ್ಟಾ ಕತಿ ಗೊತ್ತಿದ್ದವರು ಕಡಿಮಿ. 1990ರ ಜನವರಿ 25, ಕೊಲಂಬಿಯಾದಿಂದ ಬಂದ ಏವಿಯಾಂಕಾ 52 ನ್ಯೂಯಾರ್ಕಿನ ಮ್ಯಾಲೆ ಕೆಟ್ಟ ಹವಾಮಾನದಾಗ ಒಂದು ತಾಸಿಗಿಂತ ಹೆಚ್ಚು ಸುತ್ತಿತು. ಎಣ್ಣಿ ಮುಗಿಯಾಕ ಬಂದಿತ್ತು. ಮೊದಲನೇ ಸಲ ಇಳಿಯಾಕ ಆಗಲಿಲ್ಲ, ಕ್ಯಾಪ್ಟನ್ ಬಾಜೂಕಿನ ಪೈಲಟ್‌ಗೆ ‘ನಾವು ಎಮರ್ಜೆನ್ಸಿಯೊಳಗ ಇದ್ದೇವಿ ಅಂತ ಹೇಳು’ ಅಂದ್ರು. ಆಂವ ರೇಡಿಯೋದಾಗ ಮೊದಲ ಕಂಟ್ರೋಲರ್ ಹೇಳಿದ್ದನ್ನ ಎಲ್ಲಾರೂ ಮಾಡೋಹಂಗ ತಿರುಗಿ ಹೇಳಿ, ಅದರ ಬಾಲಕ್ಕ ‘ಎಣ್ಣಿ ಮುಗಿಯಾಕ ಬಂದೈತಿ’ ಅಂತ ಮೆತ್ತಗ ಸೇರಿಸಿದ. ಮೇಡೇ ಇಲ್ಲ, ಎಮರ್ಜೆನ್ಸಿ ಇಲ್ಲ. ಎಣ್ಣಿ ಕಡಿಮಿ ಐತಿ ಅಂತ ಎಷ್ಟೋ ವಿಮಾನದವರು ಹೇಳತಾರ, ಕಂಟ್ರೋಲರ್‌ಗೆ ಇದು ಅಂಥಾದ್ದ ಒಂದು ಅನಿಸ್ತು, ಮತ್ತ ದೂರ ಸುತ್ತಿಸಿ ಸಾಲಿನ್ಯಾಗ ನಿಲ್ಲಿಸಿದ. ನಾಲ್ಕೂ ಎಂಜಿನ್ ಬಂದ್ ಬಿದ್ದು ಲಾಂಗ್ ಐಲ್ಯಾಂಡಿನ ಗುಡ್ಡಕ್ಕ ಬಿತ್ತು, 158 ಮಂದಿಯೊಳಗ 73 ಮಂದಿ ಹೋದ್ರು. ನಮ್ಮ ಹಳ್ಳಿಯೊಳಗ ಹಿರೇರಿಗೆ ಎದಿ ಹಿಡಕೊಂಡ ಹೊತ್ತಿನ್ಯಾಗ 108ಕ್ಕ ಫೋನ್ ಮಾಡಿ ‘ಅಪ್ಪಾರಿಗೆ ಸ್ವಲ್ಪ ಆರಾಮಿಲ್ರಿ’ ಅಂತಾರಲ್ಲ, ಎದುರಿನವರಿಗೆ ತ್ರಾಸ ಆಗಬಾರದು ಅಂತ ಸಂಕೋಚ, ಹಂಗ ನಡೀತು ಅಲ್ಲಿ. ಸಂಕೋಚಕ್ಕ 73 ಜೀವ ಹೋದ್ವು ಅಂತನ ನಾ ಓದಿಕೊಂಡೇನಿ.

ಈಗಿನ ನಿಯಮ ಈ ಸಂಕೋಚಕ್ಕ ಜಾಗಾನ ಇಟ್ಟಿಲ್ಲ. ಇಳಿಯೂ ಹೊತ್ತಿಗೆ ಕಡೀ 30 ನಿಮಿಷದ ರಿಸರ್ವ್ ಎಣ್ಣಿಗೆ ಕೈ ಬೀಳತೈತಿ ಅಂತ ಲೆಕ್ಕ ಬಂತಂದ್ರ ಜೆಟ್ ಪೈಲಟ್ ‘ಮೇಡೇ ಫ್ಯೂಯೆಲ್’ ಅನ್ನಲೇಬೇಕು. ಟ್ಯಾಂಕಿನ್ಯಾಗ ಇನ್ನೂ ಎಣ್ಣಿ ಇರತೈತಿ, ಎಂಜಿನ್ ಚೆಂದಾಗಿ ಓಡಿರತಾವ, ಆದ್ರೂ ಅನ್ನಬೇಕು. 2025ರ ಜೂನ್‌ದಾಗ ಗುವಾಹಟಿಯಿಂದ ಚೆನ್ನೈಗೆ ಹೊಂಟಿದ್ದ ವಿಮಾನ ಅಲ್ಲಿ ಇಳಿಯಾಕ ಆಗದ ಬೆಂಗಳೂರಿಗೆ ಬರೂ ಮುಂದ ಎಣ್ಣಿ ಕಡಿಮಿ ಅಂತ ಮೇಡೇ ಅಂತು, ಸುರಕ್ಷಿತ ಇಳೀತು. ಆವತ್ತು ಟಿವಿಯವರು ‘ಕೂದಲೆಳೆ ಅಂತರದಾಗ ಪಾರು’ ಅನ್ನೋ ಧಾಟಿಯೊಳಗ ಹೇಳಿದ್ರ, ಮಂದಿ ‘ಪೆಟ್ರೋಲ್ ಹಾಕಿಸದ ಬಂದಾರ’ ಅಂತ ಬೈದ್ರು. ಎಣ್ಣಿ ಯಾಕ ಅಷ್ಟಾತು ಅಂತ ತನಿಖಾ ಮಾಡೋದು ಬ್ಯಾರೆ ಮಾತು, ಮಾಡಲೇಬೇಕು. ಮೇಡೇ ಅಂದದ್ದು ಮಾತ್ರ ನೂರಕ್ಕ ನೂರು ಸರಿ.

ತಿರುಚ್ಚಿಯ ವಿಮಾನನೂ ನೆನಪಿರಬೇಕು ನಿಮಗ, 2024ರ ಅಕ್ಟೋಬರ್ 11, ಶಾರ್ಜಾಕ್ಕ ಹೊಂಟಿದ್ದು, ಹೈಡ್ರಾಲಿಕ್ ತೊಂದ್ರಿ, 141 ಪ್ಯಾಸೆಂಜರು. ಎರಡು ತಾಸಿಗಿಂತ ಹೆಚ್ಚು ಊರ ಸುತ್ತ ತಿರಗಿತು, ಟಿವಿಯೊಳಗ ಲೈವ್. ಯಾಕ ಲಗೂ ಇಳಸವಲ್ಲರು ಅಂತ ನಮ್ಮ ಸ್ಟಾಫ್ ರೂಮಿನ್ಯಾಗೂ ಎಲ್ಲಾರೂ ಕೇಳಿದ್ರು. ದೂರ ಹೋಗಾಕ ತುಂಬಿಸಿದ ಎಣ್ಣಿ ತೂಕದ ಜೋಡಿ ಇಳದ್ರ ಗಾಲಿಗೂ ಬ್ರೇಕಿಗೂ ತಡಿಯೋದು ಕಷ್ಟ, ಆ ವಿಮಾನ ಬೋಯಿಂಗ್ 737, ಅದಕ್ಕ ಗಾಳಿಯೊಳಗ ಎಣ್ಣಿ ಚೆಲ್ಲೋ ವ್ಯವಸ್ಥಾನ ಇಲ್ಲ, ಸುತ್ತಿ ಸುಟ್ಟ ಕಡಿಮಿ ಮಾಡಬೇಕು. ಬೆಂಕಿ ಹತ್ತಿದ್ರ ತೂಕ ನೋಡದ ಇಳಸತಾರ, ಇಲ್ಲಿ ವಿಮಾನ ಹಾರಾಕತ್ತಿತ್ತು, ಟೈಮ್ ಇತ್ತು, ಆ ಟೈಮ್ ಅವರು ಉಪಯೋಗ ಮಾಡಿಕೊಂಡ್ರು. ಎಲ್ಲಾ ದಿನದಂಗ ಇಳೀತು.

ನಮ್ಮ ಕಡೇನ ನೋಡ್ರಿ, 2023ರ ಮೇ ಕಡೀಗೆ ಸಾಂಬ್ರಾದಿಂದ ಏರಿದ ಟ್ರೇನಿಂಗ್ ವಿಮಾನ ಹೊನ್ನಿಹಾಳ ಹತ್ರ ಹೊಲದಾಗ ಇಳೀತು. ಒಳಗ ಇದ್ದ ಇಬ್ಬರೂ ಉಳಕೊಂಡ್ರು. ಎಂಜಿನ್ ಕೈ ಕೊಟ್ಟಾಗ ಸಣ್ಣ ವಿಮಾನದವರು ಏರ್‌ಪೋರ್ಟ್ ಆಸೆ ಬಿಟ್ಟು ಎದುರಿಗೆ ಕಂಡ ಬಯಲಿಗೆ ಇಳಿಯೋದನ್ನ ಮೊದಲಿಂದ ಕಲೀತಾರ, ಹಿಂದ ತಿರಗಿ ರನ್‌ವೇ ಮುಟ್ಟತೇನಿ ಅಂತ ಹೋದವರು ಎಷ್ಟೋ ಸಲ ಮುಟ್ಟಿಲ್ಲ. ಅದಕ್ಕೂ ಆವಾಗ ‘ಹೊಲದಾಗ ಪಾರ್ಕಿಂಗ್’ ಅಂತ ಮೀಮ್ ಓಡಾಡಿದ್ವು.

ಎಲ್ಲಾ ಎಮರ್ಜೆನ್ಸಿ ಹಿಂಗ ಮುಗಿಯೂದಿಲ್ಲ, ಅದೂ ಗೊತ್ತೈತಿ. 2025ರ ಜೂನ್ 12ಕ್ಕ ಅಹಮದಾಬಾದಿನ್ಯಾಗ ಮೇಡೇ ಬಂತು, ಕಂಟ್ರೋಲರ್ ಯಾವ ವಿಮಾನ ಅಂತ ಕೇಳಿದ, ಉತ್ತರ ಬರಲಿಲ್ಲ, ಕಣ್ಣ ಮುಂದನ ಬಿತ್ತು. ಒಳಗಿದ್ದ 242 ಮಂದಿಯೊಳಗ ಒಬ್ಬ ಉಳದ. ಕಂಟ್ರೋಲರ್ ಕುರ್ಚಿಯೊಳಗ ಕುಂತಾಂವ ತಕ್ಷಣ ಫೈರ್ ಗಾಡಿ, ಉಳಸೋ ಮಂದೀನ್ನ ಹೊರಡಸಬೇಕು, ಅದ ಹೊತ್ತಿನ್ಯಾಗ ಗಾಳಿಯೊಳಗ ಇರೋ ಬಾಕಿ ವಿಮಾನಾನೂ ನೋಡಬೇಕು. ಆ ಹುಡುಗನ್ನ ಈ ಬಗ್ಗೆ ಕೇಳಾಕ ನನಗ ಮನಸ್ಸು ಆಗಲಿಲ್ಲ.

ನನ್ನ ವಾದ ಇಷ್ಟ. ನಾಳೆ ಒಬ್ಬ ಪೈಲಟ್ ಕೈ ರೇಡಿಯೋ ಬಟನ್ ಮ್ಯಾಲೆ ಇದ್ದಾಗ ಅವರ ತಲ್ಯಾಗ ‘ಇಳದ ಮ್ಯಾಲೆ ಏನೂ ಇಲ್ಲ ಅಂತಾದ್ರ ನಾಳೆ ಪೇಪರ್‌ದಾಗ ನನ್ನ ಮಾನ ಹೋಗತೈತಿ’ ಅನ್ನೋ ವಿಚಾರ ಬರಬಾರದು. ಆ ವಿಚಾರ ಹುಟ್ಟೋದು ನಾವು ಹಾಕೋ ಇಂಥಾ ಮೆಸೇಜಿನಿಂದ, ಮತ್ತ ಲೇಟ್ ಆತು ಅಂತ ಕೌಂಟರಿನ್ಯಾಗ ಹುಡುಗೀರ ಮ್ಯಾಲೆ ಒದರೋದರಿಂದ. ಮಳಗಾಲದಾಗ ಸಾಂಬ್ರಾದ ಮ್ಯಾಲೆ ಮಂಜು ಕವದಾಗ ವಿಮಾನ ಇಳೀದ ಬ್ಯಾರೆ ಊರಿಗೆ ಹೋದ್ರ ಅದೂ ಅವರು ಮಾಡಿದ ಚಲೋ ಕೆಲಸ, ಟ್ಯಾಕ್ಸಿ ರೊಕ್ಕ ಹೋಗತೈತಿ ಖರೆ, ಹೋಗಲಿ.

ನಮ್ಮ ಕಡೆಯಿಂದ ಮಾಡೋ ಕೆಲಸಾನೂ ಐತಿ. 2024ರ ಜನವರಿ 2ಕ್ಕ ಟೋಕಿಯೋದ ಹನೇದಾದಾಗ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯೂ ಮುಂದ ರನ್‌ವೇ ಮ್ಯಾಲೆ ಇದ್ದ ಕೋಸ್ಟ್ ಗಾರ್ಡ್ ವಿಮಾನಕ್ಕ ಬಡದು ಪೂರ್ತಿ ಸುಟ್ಟು ಹೋತು. ಕೋಸ್ಟ್ ಗಾರ್ಡಿನ ಐದು ಮಂದಿ ತೀರಿಕೊಂಡ್ರು. ದೊಡ್ಡ ವಿಮಾನದಾಗಿದ್ದ 379 ಮಂದಿ ಎಲ್ಲಾರೂ ಹೊರಗ ಬಂದ್ರು, ಒಳಗಿನ ಮೈಕ್ ಬಂದ್ ಬಿದ್ದಿತ್ತು, ಸಿಬ್ಬಂದಿ ಮೆಗಾಫೋನ್ ಹಿಡದು ಕೂಗಿದ್ರು, ಮಂದಿ ಕೇಳಿದ್ರು, ಕ್ಯಾಬಿನ್ ಬ್ಯಾಗ್ ಅಲ್ಲೇ ಬಿಟ್ಟು ಜಾರಿದ್ರು. ನಮ್ಮಲ್ಲಿ ವಿಮಾನ ಇನ್ನೂ ನಿಂತಿರಾಂಗಿಲ್ಲ, ಮ್ಯಾಲಿನ ಡಬ್ಬಿ ತಗದು ಬ್ಯಾಗ್ ಇಳಸಾಕತ್ತಿರತಾರ. ಮುಂದಿನ ಸಲ ಏರ್ ಹೋಸ್ಟೆಸ್ ಬಾಗಿಲಾ ತೋರಿಸಿದಾಗ ಮೊಬೈಲ್ ಕೆಳಗ ಇಟ್ಟು ನಿಮ್ಮ ಸೀಟಿನಿಂದ ಹತ್ತಿರದ ಬಾಗಿಲಾ ಎಷ್ಟನೇ ಸಾಲಿಗೆ ಐತಿ ಅಂತ ಎಣಿಸ್ರಿ, ಹಿಂದಿನದೂ ಎಣಿಸ್ರಿ, ಹೊಗಿ ತುಂಬಿದ್ರ ಕಣ್ಣು ಕಾಣೂದಿಲ್ಲ, ಸೀಟು ಮುಟ್ಟಿಕೋತ ಹೋಗಬೇಕಾಗತೈತಿ.